ಸತ್ಯಪ್ರಕಾಶ ಅಂಕಲ್‌ಗೆ ಆರನೇ ಸಲ ಬತ್ತಿ ಹಾಕಿದ್ದು

…ಅಯ್ಯಯ್ಯೋ, ಎಸೀಬೇಡಿ ಅಂಕಲ್! ಕೊಡಿ ಇಲ್ಲಿ, ಕೊಡಿ. ಡಾಕ್ಟರೇ ಮನೆಗೆ ಬಂದಿರುವಾಗ ಪೇಷಂಟನ್ನ ಯಾರಾದ್ರೂ ಕಸದ ಡಬ್ಬಿಗೆ ಹಾಕ್ತಾರಾ? ಕೂತ್ಕೊಳ್ಳಿ. ಆ ಮಡಚೋ ಕುರ್ಚಿ ಎಳ್ಕೊಳ್ಳಿ. ಗ್ಯಾರೇಜ್ ಬಾಗಿಲು ಅರ್ಧ ಎತ್ತೇ ಇರ್ಲಿ. ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಪ್ರಾಸ್ಪರ್ ಊರಲ್ಲಿ ಗ್ಯಾರೇಜ್ ಅಂದ್ರೆ ಇಡ್ಲಿ ಪಾತ್ರೆ ಇದ್ದ ಹಾಗೆ. ನಾವಿಬ್ರೂ ಇಡ್ಲಿ. ನೀವು ರವೆ ಇಡ್ಲಿ, ನಾನು… ಸರಿ, ನಗಬೇಡಿ.

ರಮಾ ಆಂಟಿ ಇತ್ತ ಬರಲ್ಲ, ಹೆದರಬೇಡಿ. ಚಕ್ಕುಲಿ ಕರೀತಿದಾರೆ. ನಾಳೆಗೆ ತಾನೇ? ರೌಂಡ್ ರಾಕ್‌ಗೆ, ಮಗಳ ಮನೆಗೆ, ಎಷ್ಟು ಡಬ್ಬ ಹೋಗತ್ತೆ? ಪಾಪ, ಮೊಮ್ಮಗಳಿಗೆ ಹಲ್ಲೇ ಬಂದಿಲ್ಲ, ಆಗ್ಲೇ ಚಕ್ಕುಲಿ!

ಏನಾಯ್ತು ಹೇಳಿ ನಿಮ್ಮ ವೇಪ್‌ಗೆ, ಈ ಕರೆಂಟ್ ಸಿಗರೇಟಿಗೆ. ಮತ್ತೆ ಸುಟ್ಟ ವಾಸನೇನಾ? ಎಳೆದ ತಕ್ಷಣ ಗಂಟಲಿಗೆ ಕೊಳ್ಳಿ ಇಟ್ಟ ಹಾಗೆ? ಹ್ಞೂಂ… ತಲೆ ಆಡಿಸ್ತೀರಿ. ಬೇಜಾರಾ? ಬೇಜಾರಾಗದೆ ಇರತ್ತಾ! ಆರು ವಾರ, ಆರು ಸಲ ರಿಪೇರಿ. ನನಗೇ ನಾಚಿಕೆ ಆಗ್ತಿದೆ ಅಂಕಲ್. ಲಿಟಲ್ ಎಲ್ಮ್ ವೇಪ್ ಅಂಗಡೀಲಿ ದಿನಕ್ಕೆ ಮೂವತ್ತು ಕಾಯಿಲ್ ಕಟ್ತೀನಿ, ಒಬ್ಬ ಬಿಳಿಯನೂ ವಾಪಸ್ ಬಂದಿಲ್ಲ. ನಿಮ್ಮದು ಮಾತ್ರ… ನಿಮ್ಮ ಗ್ರಹಚಾರ. ಶನಿ ಇರಬೇಕು, ಶನಿವಾರ ಶನಿವಾರವೇ ಕೈ ಕೊಡತ್ತೆ ನೋಡಿ!

ಬಿಚ್ತೀನಿ, ನೋಡ್ತಿರಿ. ಇದು ಟ್ಯಾಂಕು. ಇದು ಕಾಯಿಲ್ಲು, ಸಣ್ಣ ಸ್ಪ್ರಿಂಗು. ಒಳಗೆ ತೂರಿಸಿರೋದು ಹತ್ತಿ. ಅಬ್ಬಾ, ಕರಿ ನೋಡಿ! ಬೆಕ್ಕಿನ ಬಾಲಕ್ಕೆ ಬೆಂಕಿ ಬಿದ್ದ ಹಾಗಿದೆ. ಮೂಸಿ. ಮೂಸಿ ಅಂಕಲ್, ಒಂದ್ಸಲ! ಹ್ಹಹ್ಹ… ಮುಖ ನೋಡ್ಬೇಕು ನಿಮ್ದು.

ಇದು ದೀಪದ ಲೆಕ್ಕ, ಬೇರೇನಿಲ್ಲ. ಆಂಟಿ ದಿನಾ ಹಚ್ಚಲ್ವಾ? ಬತ್ತಿಗೆ ಎಣ್ಣೆ ಏರ್ತಿದ್ರೆ ಎಣ್ಣೆ ಉರಿಯತ್ತೆ, ಬತ್ತಿ ಉಳಿಯತ್ತೆ. ಎಣ್ಣೆ ಏರ್ಲಿಲ್ವಾ, ಬತ್ತಿನೇ ಉರಿಯತ್ತೆ. ಇಲ್ಲೂ ಅಷ್ಟೆ. ಹತ್ತಿ ಹದವಾಗಿರ್ಬೇಕು. ಬಿಗಿಯಾಗಿ ತುರುಕಿದ್ರೆ ಟ್ಯಾಂಕಲ್ಲಿರೋ ನಿಕೋಟಿನ್ ರಸ ಏರಲ್ಲ. ಏರ್ಲಿಲ್ಲ ಅಂದ್ರೆ ನೀವು ಎಳೆಯೋದು ಹೊಗೆ ಅಲ್ಲ, ಸುಟ್ಟ ಹತ್ತಿ. ಅಷ್ಟೇ ವಿದ್ಯೆ! ಹೈಸ್ಕೂಲು ಬಿಟ್ಟೋನಿಗೆ ಇಷ್ಟು ಸಾಕು ಅಂತ ನಮ್ಮಪ್ಪ ಹೇಳೋದು ಇದಕ್ಕೇ. ಹನ್ನೊಂದನೇ ಕ್ಲಾಸಲ್ಲಿ ಆಲ್ಜೀಬ್ರಾ ನನ್ನ ನೋಡಿ ಅಳ್ತು, ನಾನು ಅದನ್ನ ನೋಡಿ ಮನೆಗೆ ಬಂದೆ.

ಹೋದ ಸಲ ರೌಂಡ್ ರಾಕ್‌ಗೆ ಹೋದಾಗ ಏನಾಯ್ತು ಅಂತ ಆಂಟಿ ನಮ್ಮಮ್ಮನ ಹತ್ರ ಹೇಳಿದ್ರು. ನಾನು ಅಡುಗೆಮನೇಲೇ ಇದ್ದೆ, ಕೇಳಿಸ್ತು. ದಾರೀಲಿ ವೇಕೋ ಹತ್ರ ಇದು ಸುಟ್ಟುಹೋಯ್ತಂತೆ. ಗ್ಯಾಸ್ ಸ್ಟೇಷನ್ನಲ್ಲಿ ಕಾರು ನಿಲ್ಲಿಸಿ ಒಂದು ಪ್ಯಾಕ್ ಸಿಗರೇಟ್ ತಗೊಂಡ್ರಂತೆ. ಬಾತ್‌ರೂಮಲ್ಲಿ ಸೋಪು ಹಾಕಿ ಮೂರು ಸಲ ಕೈ ತೊಳೆದ್ರಂತೆ, ಶರ್ಟೂ ಬದಲಾಯಿಸಿದ್ರಂತೆ! ಅನನ್ಯಾ ಅಕ್ಕ ಬಾಗಿಲು ತೆಗೆದು, ಮೂಗು ಒಂದ್ಸಲ ಹೀಗೆ… ಹೀಗೆ ಮಾಡಿ, ಮಗೂನ ಎತ್ಕೊಂಡು ಮೇಲೆ ಹೋಗ್ಬಿಟ್ರಂತೆ. ನೀವು ಕೈ ಚಾಚ್ಕೊಂಡು ಅಲ್ಲೇ ನಿಂತಿದ್ರಂತಲ್ಲ? ಆಂಟಿ ಆ್ಯಕ್ಟ್ ಮಾಡಿ ತೋರಿಸಿದ್ರು. ಹೀಗಾ? ಹೀಗೇನಾ ನಿಂತಿದ್ದು?

…ನಗ್ತಿಲ್ಲ ಅಂಕಲ್. ಕೆಮ್ಮು ಬಂತು.

ಅಕ್ಕನೂ ಸ್ಟ್ರಿಕ್ಟು. ಮಕ್ಕಳ ಡಾಕ್ಟರ್ ಅಂದ್ಮೇಲೆ ಕೇಳ್ಬೇಕಾ. ಸಿಗರೇಟ್ ಮುಟ್ಟಿದ ಕೈಗೆ ಮಗು ಕೊಡಲ್ಲ ಅಂದ್ರೆ ಕೊಡಲ್ಲ. ಅದಕ್ಕೇ ತಾನೇ ನೀವು ಸಿಗರೇಟ್ ಬಿಟ್ಟು ಇದನ್ನ ಹಿಡಿದಿದ್ದು. ಎರಡೂವರೆ ತಿಂಗಳಾಯ್ತು, ನೀವು ಇನ್ನೂ ಎತ್ತಿಕೊಂಡಿಲ್ಲ ಅಲ್ವಾ? ನಾಳೆ ನಾಮಕರಣ. ಅಜ್ಜನ ತೊಡೆ ಮೇಲೆ ಮಲಗಿಸಿ ಕಿವೀಲಿ ಹೆಸರು ಹೇಳಬೇಕಂತೆ. ನಿಮ್ಮ ತೊಡೆ ಖಾಲಿ ಉಳಿದ್ರೆ ಏನಂತೆ, ಅಕ್ಕನ ಮಾವ ಬಂದಿದಾರಲ್ಲ ಹ್ಯೂಸ್ಟನ್‌ನಿಂದ! ಅವರು ಬೀಡಿ ಸಿಗರೇಟು ಏನೂ ಮುಟ್ಟದೋರು. ಯೋಗ ಬೇರೆ ಮಾಡ್ತಾರೆ. ಗಟ್ಟಿ ತೊಡೆ.

ಆಯ್ತಾಯ್ತು, ಸುಮ್ನಿರ್ತೀನಿ. ಹಾಗೆ ನೋಡ್ಬೇಡಿ. ಇವತ್ತು ನನ್ನ ಕೈ ಮೇಲೇ ಕಣ್ಣು ನಿಮಗೆ! ಕಲೀತಿದೀರಾ? ಕಲೀರಿ ಕಲೀರಿ. ಹೊಸ ಹತ್ತಿ… ಇಲ್ಲೇ ಪ್ಯಾಕೆಟ್ ಇದೆ. ಒಂದು ಎಳೆ ಹೀಗೆ ಸುರುಳಿ ಸುತ್ತಿ, ತುದಿ ಚೂಪು ಮಾಡಿ, ಒಳಗೆ ತೂರಿಸಿ… ಇನ್ನೊಂದು ಸ್ವಲ್ಪ ಸೇರಿಸ್ತೀನಿ. ಇನ್ನೊಂದು ಚೂರು. ಗಟ್ಟಿಯಾಗಿ ಕೂತ್ರೆ ಬಾಳಿಕೆ ಬರತ್ತೆ.

ಏನು? ಹುಬ್ಬು ಯಾಕೆ ಏರಿತು? ಓ… ಬಿಗಿ ಇರಬಾರದು ಅಂದ್ನಾ ಈಗ? ಅದು ಬೇರೆ ತರದ ಕಾಯಿಲ್‌ಗೆ ಅಂಕಲ್. ಇದು ದೊಡ್ಡ ಸ್ಪ್ರಿಂಗು, ಇದಕ್ಕೆ ಜಾಸ್ತಿ ಹಿಡಿಯತ್ತೆ. ನಂಬಿ. ಮೂವತ್ತು ವರ್ಷ ಸಾಫ್ಟ್‌ವೇರ್ ಮಾಡಿದೋರಿಗೆ ನಾನು ಸುಳ್ಳು ಹೇಳ್ತೀನಾ?

ಇದಕ್ಕೆ ಎರಡು ಹನಿ ರಸ. ಮೇಲೆ ಮೇಲೆ ಬಿಟ್ರೆ ಸಾಕು, ಒಳಗೆ ತಾನೇ ಇಳ್ಕೊಳತ್ತೆ. ನೆನೆಸೋಕೆ ಹತ್ತು ನಿಮಿಷ ಬಿಡಬೇಕು ಅಂತ ಕೆಲವರು ಹೇಳ್ತಾರೆ, ಅವರಿಗೆ ಮಾಡೋಕೆ ಬೇರೆ ಕೆಲಸ ಇಲ್ಲ. ಮೇಲೆ ನೋಡಿ, ಒದ್ದೆ ಮಿಂಚ್ತಿದೆ! ಪವರ್ ಸ್ವಲ್ಪ ಏರಿಸ್ತೀನಿ. ನಲವತ್ತು ವ್ಯಾಟ್‌ನಿಂದ… ಎಪ್ಪತ್ತು ಇರ್ಲಿ. ಹೊಗೆ ಬರಬೇಕಲ್ಲ, ಮೂರೂವರೆ ಗಂಟೆ ಡ್ರೈವು.

ಅಂದಹಾಗೆ, ನಿಮ್ಮ ಕೆಮ್ಮು ಭಾರೀ ಫೇಮಸ್ಸು ಗೊತ್ತಾ? ಅವತ್ತೊಂದು ಶನಿವಾರ ಹಿಂದುಗಡೆ ನಿಂತು ಮೊದಲ ದಮ್ಮು ಎಳೆದ್ರಲ್ಲ, ನಾನೂ ನನ್ನ ಫ್ರೆಂಡ್ ನಿಖಿಲ್ಲೂ ಬೇಲಿ ಪಕ್ಕದಲ್ಲೇ ಇದ್ವಿ. ಎಮ್ಮೆ ಕರು ಹಾಕೋ ಹಾಗೆ ಒಂದು ಸದ್ದು! ಆಮೇಲೆ ಕಣ್ಣೀರು, ಆಮೇಲೆ ಮಂಡಿ ಹಿಡ್ಕೊಂಡು ಬಗ್ಗಿ… ನಿಖಿಲ್ ರೆಕಾರ್ಡ್ ಮಾಡಿ ರಿಂಗ್‌ಟೋನ್ ಹಾಕ್ಕೊಂಡಿದಾನೆ. ಅವರಮ್ಮ ಫೋನ್ ಮಾಡಿದಾಗೆಲ್ಲ ನೀವು ಕೆಮ್ತೀರಿ! ಹ್ಹಹ್ಹಹ್ಹ… ಪ್ರೀತಿಗೆ ಅಂಕಲ್, ಪ್ರೀತಿಗೆ.

ನಾವು ಯಾಕೆ ಅಲ್ಲಿದ್ವಿ? ಯಾಕೆ ಅಂದ್ರೆ… ಸುಮ್ನೆ. ಬ್ಯಾಸ್ಕೆಟ್‌ಬಾಲ್ ಆ ಕಡೆ ಬಿದ್ದಿತ್ತು. ನೀವು ಎಳೀತೀರಾ ಅಂತ ಕಾಯ್ತಾ ಇದ್ವಾ? ಅದು ನಮಗೇನು ಗೊತ್ತು!

ಆಯ್ತು, ರೆಡಿ. ಹಿಡೀರಿ. ಹೊಸ ಮದುವಣಗಿತ್ತಿ ಹಾಗಿದೆ. ನಾನು ಹೋದ್ಮೇಲೆ ನಿಧಾನಕ್ಕೆ… ಅಲ್ಲ, ಇಲ್ಲೇ ಬೇಡ, ಆಂಟಿಗೆ ವಾಸನೆ ಹೋಗತ್ತೆ. ನಾಳೆ ಬೆಳಿಗ್ಗೆ ಕಾರಲ್ಲೇ ಶುರು ಮಾಡಿ.

ಏನು? ನನಗೆ ಯಾಕೆ ಕೊಡ್ತೀರಿ?

ನಾನಾ? ನಾನು ಎಳೀಬೇಕಾ? ಹ್ಹ… ಅಯ್ಯೋ, ಎಂಜಲು ಅಂಕಲ್! ದೊಡ್ಡೋರು ಬಾಯಿಟ್ಟಿದ್ದಕ್ಕೆ ನಾನು ಬಾಯಿ ಹಾಕೋದಾ? ಹನ್ನೊಂದು ವರ್ಷ ಮೈಸೂರಲ್ಲಿ ಬೆಳೆದೋನು, ಲೋಟ ಕಚ್ಚಿ ನೀರು ಕುಡಿದ್ರೆ ನಮ್ಮಜ್ಜಿ ತಲೆ ಮೇಲೆ ಮೊಟಕೋರು. ಸಂಸ್ಕಾರ ಅಂತ ಒಂದು ಇದೆ. ಈ ದುಷ್ಯಂತ್‌ಗೆ ಓದು ಬರ್ಲಿಲ್ಲ, ಮಡಿ ಬಂತು ಅಂತ ಅಂದ್ಕೊಳ್ಳಿ.

…ಅದೇನು ಜೇಬಿಂದ? ಹೊಸ ಬಾಯಿಕೊಳವೆ? ಪ್ಯಾಕೆಟ್ಟೂ ಒಡೆದಿಲ್ಲ! ಭಾರೀ ತಯಾರಿ. ನೀವೇ ಹಾಕ್ತಿದೀರಾ, ಬಂತಾ ಹಾಕೋಕೆ… ಬಂತು. ಸರಿ. ಈಗ ಎಂಜಲಿಲ್ಲ. ಸರಿ… ಆದ್ರೆ ಪುದೀನ ಫ್ಲೇವರ್ ನನಗೆ ಆಗಲ್ಲ ಅಂಕಲ್. ಶೀತ. ಮತ್ತೆ ನಾನು ಬಿಟ್ಟೂ ಬಿಟ್ಟೆ. ಹ್ಞಾಂ, ನಿನ್ನೆಯಿಂದ. ನಿಮ್ಮಾಣೆ.

ಕೈ ನೋಯಲ್ವಾ, ಹಾಗೇ ಚಾಚಿ ಹಿಡ್ಕೊಂಡಿದೀರಲ್ಲ? ಕೆಳಗಿಡಿ. …ತಮಾಷೆ ಸಾಕು ಅಂಕಲ್.

ಇರಿ, ಈ ಖಾಲಿ ಪ್ಯಾಕೆಟ್ ಮೇಲೆ ಚೀಟಿ ಇದೆ. ರೌಂಡ್ ರಾಕ್ ಅಂಗಡಿ. ನೀವು ಬೇರೆ ಅಂಗಡಿಗೆ ಹೋಗಿದ್ರಾ? ಯಾವಾಗ? ಅಕ್ಕ ಮಗು ಎತ್ಕೊಂಡು ಮೇಲೆ ಹೋದ್ಮೇಲೆನಾ? ಅಲ್ಲಿ ಯಾರಾದ್ರೂ… ಇದನ್ನ ಬಿಚ್ಚಿ ನೋಡಿದ್ರಾ?

ನೋಡಿದ್ರು. ಅಲ್ವಾ?

ಏನಂದ? ಹತ್ತಿ ಜಾಸ್ತಿ ಅಂದ್ನಾ? ಎಷ್ಟು ಗೊತ್ತು ಅವನಿಗೆ! ಯಾವನೋ ದಾರೀಲಿ ಹೋಗೋನು. ಅಂಗಡಿಯವರು ಒಬ್ಬರ ಕೆಲಸ ಇನ್ನೊಬ್ರು ಬೈಯೋದು ಮಾಮೂಲಿ… ಹಾಗಿದ್ರೆ, ನೀವು ಮೊದಲೇ… ಇವತ್ತು ನನ್ನ ಕರೆದಿದ್ದು… ನಾನು ಮೊದಲಿಂದ ಕೊನೇವರೆಗೂ ಹೇಳ್ತಾ ಹಾಕ್ತಿದ್ದೆ, ನೀವು ಸುಮ್ನೆ ಕೂತು ನೋಡ್ತಿದ್ರಿ?

ಒಂದ್ಸಲ ಆಯ್ತು, ಅದು ಮರ್ತು. ಮೊದಲನೇದು ನಿಜವಾಗ್ಲೂ ನೆನೆಸೋಕೆ ಮರ್ತು! ಕೈತಪ್ಪು. ಆಮೇಲೆ ನೀವು ಕೆಮ್ಮಿದ್ರಿ… ಹುಡುಗರೆಲ್ಲ ನಕ್ರು… ಆಮೇಲೆ ಅವರೇ ಶನಿವಾರ ಬಂತು ಅಂತ ನೆನಪು ಮಾಡೋರು. ನೀವೂ ಒಂದು ಮಾಡಿದ್ರಲ್ಲ ಅಂಕಲ್! ಗಣೇಶನ ಹಬ್ಬಕ್ಕೆ ನಲವತ್ತು ಜನದ ಮುಂದೆ ನನ್ನ ಕೆಲಸಕ್ಕೆ ಬಾರದವನು ಅಂದ್ರಲ್ಲ, ನನಗೆ ಅನ್ನ ಇಳೀಲಿಲ್ಲ ಅವತ್ತು. ನೆನಪಿದೆಯಾ? ಹೋಳಿಗೆ ಬಡಿಸ್ತಾ ಅಂದ್ರಿ, ನೀವೇ…

ಇಲ್ಲ. ಹೋಳಿಗೆ ಬಡಿಸ್ತಿದ್ದಿದ್ದು ವೇಣುಗೋಪಾಲ ಅಂಕಲ್. ಅವರು ಅಂದಿದ್ದು.

ನೀವು ಆಮೇಲೆ ಬಂದು ನನ್ನ ಪಕ್ಕ ಕೂತ್ರಿ. ಸೋಮವಾರದಿಂದ ಮನೆಗೆ ಬಾ, ಆಲ್ಜೀಬ್ರಾ ಹೇಳಿಕೊಡ್ತೀನಿ ಅಂದ್ರಿ. ನಾಲ್ಕು ತಿಂಗಳು ಹೇಳಿಕೊಟ್ರಿ.

…ಕೊಡಿ ಅಂಕಲ್. ಹತ್ತಿ ಕಿತ್ತು ಹಾಕ್ತೀನಿ. ಹತ್ತೇ ನಿಮಿಷ. ಈ ಸಲ ಸರಿಯಾಗಿ ಹಾಕ್ತೀನಿ, ಚೆನ್ನಾಗಿ ನೆನೆಸಿ. ನಾಳೆ ನೀವು ಎಲ್ಲೂ ನಿಲ್ಲಿಸೋದೇ ಬೇಡ, ಸೀದಾ ಹೋಗಿ ಮಗು ಎತ್ಕೊಳ್ಳಿ. ಕೊಡಿ ಅಂದ್ನಲ್ಲ. ಯಾಕೆ ಬಿಡ್ತಿಲ್ಲ? ಬೈರಿ ಬೇಕಾದ್ರೆ! ನಮ್ಮಪ್ಪನಿಗೆ ಹೇಳಿ. ಆಂಟಿನ ಕರೀರಿ. ಸುಮ್ನೆ ಹೀಗೆ ಕೈ ಚಾಚ್ಕೊಂಡು ನಿಂತ್ಕೋಬೇಡಿ, ನನಗೆ ಆಗಲ್ಲ…

ಎಳೀಬೇಕು. ಅಷ್ಟೇ ತಾನೇ? ಎಳೆದ್ರೆ ಆಯ್ತಾ? ಸರಿ. ಕೊಡಿ.

…ಹ್ಹಾ! ಅಮ್ಮಾ… ಖ್… ಖ್ಹು… ಗಂಟಲು… ನೀರು… ಅಂಕಲ್, ನೀ… ಖ್ಹು ಖ್ಹು…

ನಗ್ರಿ ಅಂಕಲ್. ಯಾಕೆ ನಗ್ತಿಲ್ಲ? ನಾನು… ಖ್ಹು… ನಾನು ನಗ್ತಿದ್ನಲ್ಲ.