ಬೆವರು ಮತ್ತು ಪಹಣಿ

ಸೇಡಂ ಬಸ್ ನಿಲ್ದಾಣ. ಕುರಕುಂಟಾ ಬಸ್ಸು ಇನ್ನೂ ಪೂರ್ತಿ ನಿಂತಿರಲಿಲ್ಲ, ಆಗಲೇ ಕಾಲೇಜು ಮಾಸ್ತರರೊಬ್ಬರು ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿದರು. ಜೊತೆಗಿದ್ದವಳು ಅವರ ತೀರಿಹೋದ ಅಣ್ಣನ ಹೆಂಡತಿ ಎಂದು ಮಾತಿನಿಂದ ತಿಳಿಯಿತು. ಡ್ರೈವರ್ ಚಹಾಕ್ಕೆ ಹೋದ.

“ಚನ್ನು, ಹೊಲ ಮಾರಿದಿ ಅಂತ ಮಂದಿ ಹೇಳಾಕತ್ತಾರ.”

“ಈಗ ರಿಜಿಸ್ಟ್ರಿ ಆತ್ರಿ ವೈನಿ.”

“ಕರೋನಾದಾಗ ಪಡಸಾಲ್ಯಾಗ ಕುಂತು ಮೊಬೈಲ್‌ನ್ಯಾಗ ಪಾಠ ಹೇಳ್ತಿದ್ದಿ. ನಾ ಜ್ವಾಳ ಹಸನ ಮಾಡಕೋತ ಕೇಳೀನಿ. ಯಾರ ಬೆವರು ಬಿದ್ದದೋ ಹೊಲ ಅವರದು ಅಂದಿ.”

“ಅಂದೀನಿ. ವಿಲಾಯತಿ ಪಂಡಿತರು ಮುನ್ನೂರು ವರ್ಷದ ಹಿಂದ ಬರದದ್ದು. ಅದು ಸರ್ಕಾರ ಹುಟ್ಟೂಕಿಂತ ಮೊದಲಿನ ಮಾತ್ರಿ. ಸರ್ಕಾರ ಬಂದಮ್ಯಾಲ ಬೆವರು ನೋಡಂಗಿಲ್ಲ, ಪಹಣಿ ನೋಡ್ತದ. ಅಣ್ಣ ತೀರಿದಾಗಿಂದ ಪಹಣ್ಯಾಗ ನನ್ನ ಹೆಸರು ಅದ.”

“ಅದಕ್ಕ ನಾ ಯಾವಾಗ ಒಪ್ಪೀನಿ?”

“ಹನ್ನೆರಡು ವರ್ಷ ತಕರಾರು ತಗೀಲಿಲ್ಲಲ್ಲ. ಸುಮ್ಮನಿದ್ದದ್ದೇ ಒಪ್ಪಿಗಿ. ಅದೂ ಪಾಠದಾಗ ಇತ್ತು. ನೀವು ಅರ್ಧಕ್ಕ ಎದ್ದು ರೊಟ್ಟಿ ಬಡೀಲಾಕ ಹೋಗಿದ್ರಿ.”

“ನಿನಗ ಊಟಕ್ಕ ಹೊತ್ತಾಗ್ತದಂತ ಹೋಗಿದ್ನೋ.”

ಅವರು ಗಡಿಯಾರ ನೋಡಿಕೊಂಡರು.

“ಒಂದೊಂದೇ ಕಲ್ಲು ಆರಿಸಿ ಒಡ್ಡು ಹಾಕೀನಲ್ಲಪ್ಪಾ.”

“ಕಲ್ಲು ನಿಮ್ಮವೇ ವೈನಿ, ನಾ ಇಲ್ಲ ಅನ್ನಂಗಿಲ್ಲ. ಅಮಾಸಿ ಒಳಗ ಒಯ್ಕೊಳ್ರಿ.”

ಕಂಡಕ್ಟರ್ ಸೀಟಿ ಊದಿದ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಆದರೂ ಆ ಕರವಸ್ತ್ರದ ಮೇಲೆ ಯಾರೂ ಕುಳಿತಿರಲಿಲ್ಲ. ಮಾಸ್ತರರು ಅದನ್ನು ಕೊಡವಿ, ಮಡಚಿ, ಜೇಬಿಗಿಟ್ಟು ಕುಳಿತರು. ಅವಳು ಅದೇ ಸೀಟಿನ ಕಂಬಿ ಹಿಡಿದು ನಿಂತಳು.