ಇಲ್ಲದ ಅಣ್ಣನ ಮಷೀನು

…ಬೇಡ, ಬೇಡ, ಆ ಗಂಟೆ ಒತ್ಬೇಡ! ನರ್ಸ್ ಈಗ ತಾನೆ ಟೀ ಕುಡಿಯೋಕೆ ಕೂತಿದ್ದಾಳೆ, ಪಾಪ. ನಾನೇನು ನಿನ್ನ ಕತ್ತು ಹಿಸುಕೋಕೆ ಬಂದಿಲ್ಲ. ಹಾಗೆ ಕಣ್ಣು ಕಣ್ಣು ಬಿಡ್ತೀಯಲ್ಲ ವರ್ನನ್, ಗುರುತು ಸಿಗ್ಲಿಲ್ವಾ? ನೊರೀನ್ ಕಣಯ್ಯಾ! ಲಿಂಡ್ಸೆ ಹೆಂಡ್ತಿ. ಬೇಲಿ ಆಚೆ ಮನೆಯವಳು. ಹಾಂ… ಈಗ ಸಿಕ್ತು. ಮುಖ ನೋಡಿದ್ರೇ ಗೊತ್ತಾಗುತ್ತೆ.

ದವಡೆಗೆ ತಂತಿ ಬಿಗಿದಿದ್ದಾರಂತೆ? ಕಾಳಿನ ತೊಟ್ಟಿ ಏಣಿಯಿಂದ ಬಿದ್ಯಂತೆ? ಸೊಂಟಾನೂ ಹೋಯ್ತಂತೆ? ಅಯ್ಯಯ್ಯೋ… ಇಲ್ಲ, ನಗ್ತಿಲ್ಲ. ಸರಿ, ನಗ್ತಿದ್ದೀನಿ, ಏನೀಗ? ಪಬ್ಬಲ್ಲಿ ನೀನೇ ಮಾತು, ಚರ್ಚ್ ಬಾಗಿಲಲ್ಲಿ ನೀನೇ ಮಾತು, ಬೆಂಕಿ ಆರಿಸೋ ಪಡೆಗೆ ನೀನೇ ನಾಯಕ, ಅಲ್ಲೂ ನೀನೇ ಮಾತು. ಈ ಬಿಂಡಾರಿ ಊರಲ್ಲಿ ಬೇರೆಯವರಿಗೂ ಬಾಯಿದೆ ಅನ್ನೋದೇ ಮರ್ತಿದ್ದೆ ನೀನು. ಇವತ್ತು ನನ್ನ ಸರದಿ. ಬಾಯ್ಮುಚ್ಕೊಂಡು ಕೇಳು… ಓ, ಅದು ಹೇಗೂ ಮುಚ್ಚೇ ಇದೆ ಅಲ್ವಾ!

ಇಷ್ಟು ದಿನ ಎಲ್ಲಿದ್ದೆ ಅಂತೀಯಾ? ಬಾಡಿಗೆ ಕೊಯ್ಲಿನವರ ಜೊತೆ. ಕೊಯ್ಲು ಮಷೀನು ಓಡಿಸ್ತೀನಿ. ಉತ್ತರದಲ್ಲಿ ಗೋಧಿ ಮೊದಲು ಮಾಗುತ್ತಲ್ಲ, ಅಲ್ಲಿಂದ ಶುರು ಮಾಡಿ ಬೆಳೆ ಮಾಗಿದ ಹಾಗೆ ದಕ್ಷಿಣಕ್ಕೆ ಇಳೀತೀವಿ. ಮಲಗೋದು ಕ್ಯಾರವಾನಲ್ಲಿ. ಈ ವಯಸ್ಸಲ್ಲಿ! ಸ್ವಂತ ಹೊಲ ಇದ್ದೋಳು ಊರೂರಿನ ಹೊಲ ಕೊಯ್ಕೊಂಡು… ಪ್ರತಿ ವರ್ಷ ಈ ಊರು ಹತ್ರ ಬಂದಾಗ ಸುತ್ತು ಹಾಕ್ಕೊಂಡು ಬೇರೆ ರಸ್ತೇಲಿ ಹೋಗ್ತಿದ್ದೆ. ಈ ಸಲ ಹೋಗ್ಲಿಲ್ಲ.

ಕಿಟಕಿ ಕಡೆ ಯಾಕೆ ನೋಡ್ತೀಯ? ಮೋಡಾನಾ? ಹೂಂ, ಪಶ್ಚಿಮದಲ್ಲಿ ಕಪ್ಪಗೆ ಕಟ್ಟಿದೆ. ನಿನ್ನ ಗೋಧಿ ಚೆನ್ನಾಗಿ ಒಣಗಿದೆ, ತೆನೆ ಅಂಗೈಲಿ ಉಜ್ಜಿದ್ರೆ ಸಾಕು ಕಾಳು ಉದುರುತ್ತೆ. ಒಂದು ಮಳೆ ಬಿತ್ತೋ, ತೆನೇಲೇ ಮೊಳಕೆ. ಹಿಟ್ಟಿಗೆ ಬರಲ್ಲ, ಹಂದಿಗೆ ಹಾಕೋದು. ನನಗೆ ಗೊತ್ತು ಕಣಪ್ಪ, ಆ ಮುಗ್ಗಲು ವಾಸನೆ ನನಗೆ ಚೆನ್ನಾಗಿ ಗೊತ್ತು.

ಊರವರು ಬರ್ತಾರೆ ಅಂದ್ಕೊಂಡಿದ್ದೀಯ ಅಲ್ವಾ? ಬರ್ಬೇಕಾದ್ದೇ. ಮನೆ ಯಜಮಾನ ಹಾಸಿಗೆ ಹಿಡಿದ್ರೆ, ಸತ್ರೆ, ಯಾರೂ ಕರೆಯಲ್ಲ, ಯಾರೂ ಕೇಳಲ್ಲ. ಬೆಳಗಾಗೋಷ್ಟರಲ್ಲಿ ಊರಿನ ಮಷೀನೆಲ್ಲ ಅವರ ಹೊಲದ ಗೇಟಲ್ಲಿ. ಹೆಂಗಸ್ರು ಸ್ಯಾಂಡ್‌ವಿಚ್ ತಟ್ಟೆ ಹಿಡ್ಕೊಂಡು ಹಿಂದೆ. ಯಾರಾದ್ರೂ ಒಬ್ರು ಫೋನ್ ಮಾಡಿ ಯಾವತ್ತು ಅಂತ ಹೇಳ್ಬೇಕು, ಅಷ್ಟೇ. ಆ ಫೋನ್ ಮಾಡೋನು ಯಾವಾಗ್ಲೂ ನೀನೇ.

ಈ ಸಲ ನಾನು ಮಾಡ್ದೆ.

ನಿನ್ನ ಹೆಂಡ್ತಿ ಗ್ಲೆನಿಸ್ ನಿನ್ನ ಮಂಚದ ಪಕ್ಕದಿಂದ ಎದ್ದಿಲ್ಲ, ಅವಳಿಗೆ ಇದ್ಯಾವುದೂ ಗೊತ್ತಿಲ್ಲ. ಈಗ ಅಂಗಡಿಗೆ ಹೋಗಿದ್ದು ನೋಡೇ ನಾನು ಒಳಗೆ ಬಂದೆ. ಫೋನಲ್ಲಿ ಏನಂದೆ ಗೊತ್ತಾ? 'ಗ್ಲೆನಿಸ್ ಅಣ್ಣ ಮಷೀನು ತರ್ತಿದ್ದಾನೆ, ನೀವ್ಯಾರೂ ತೊಂದ್ರೆ ತಗೋಬೇಡಿ, ಅವಳಿಗೆ ಗದ್ದಲ ಬೇಡ್ವಂತೆ' ಅಂದೆ. ಯಾಕೆ, ಈ ಮಾತು ಎಲ್ಲೋ ಕೇಳಿದ ಹಾಗಿದ್ಯಾ? ಆ ಕಡೆ ತಿರುಗ್ಬೇಡ! ನನ್ನ ನೋಡು!

ಲಿಂಡ್ಸೇನ ಮಣ್ಣು ಮಾಡಿ ಬಂದ ವಾರ, ನಮ್ಮ ಗೋಧಿ ಮಾಗಿ ನಿಂತಿತ್ತು. ಬೆಳಕು ಹರಿಯೋ ಮುಂಚೆ ಎದ್ದೆ. ಕುರಿ ಮಾಂಸ ಬೇಯಿಸಿದೆ, ಬ್ರೆಡ್ಡಿಗೆ ಬೆಣ್ಣೆ ಸವರಿದೆ, ಚರ್ಚಿಂದ ದೊಡ್ಡ ಟೀ ಪಾತ್ರೆ ತಂದಿಟ್ಟೆ. ಗೇಟ್ ನೋಡ್ತಾ ಕೂತೆ. ಒಬ್ಬನೂ ಬರ್ಲಿಲ್ಲ! ಮಾರನೇ ದಿನಾನೂ ಬರ್ಲಿಲ್ಲ. ಆಮೇಲೆ ಬಂದಿದ್ದು ಮಳೆ. ಮಾಂಸ ಎಲ್ಲ ನಾಯಿಗೆ ಹಾಕ್ದೆ… ಕೇಳ್ಬೇಕಿತ್ತು ಅಂತೀಯಾ? ನಾನಾ? ಈ ಊರಲ್ಲಿ ಯಾರಾದ್ರೂ ಕೇಳ್ತಾರಾ? ನಾಲಿಗೆ ಕಚ್ಕೊಂಡು ಸಾಯ್ತೀವಿ, ಕೇಳಲ್ಲ. ಅವರೂ ನನ್ನ ಕೇಳ್ಲಿಲ್ಲ, ನಾನೂ ಅವರನ್ನ ಕೇಳ್ಲಿಲ್ಲ. ನಮ್ಮ ಈ ಬಿಗುಮಾನ ನಿನಗೆ ಗೊತ್ತಿತ್ತು. ಅದನ್ನೇ ನಂಬ್ಕೊಂಡು ಆಟ ಆಡ್ದೆ ನೀನು.

ಇಡೀ ಊರಿಗೇ ಶಾಪ ಹಾಕಿ ಹೊರಟೋದೆ. ಹೊಲ ಮಾರಿದ್ದಾಯ್ತು. ಕೆರೆ ಪಕ್ಕದ ಹೊಲ, ಲಿಂಡ್ಸೆ ಅಪ್ಪನ ಕಾಲದಿಂದ ಬಂದಿದ್ದು, ಒಂದು ವರ್ಷಾನೂ ಕೈಕೊಡದ ಹೊಲ… ಯಾರು ತಗೊಂಡ್ರಪ್ಪ ಅದನ್ನ? ಹೇಳು, ಹೇಳು. ಓ, ಹೇಳೋಕಾಗಲ್ಲ ಅಲ್ವಾ.

ಮೊನ್ನೆ ಉತ್ತರದಲ್ಲಿ, ರಸ್ತೆ ಪಕ್ಕದ ಒಂದು ಪಬ್ಬಲ್ಲಿ ಮರ್ವ್ ಸಿಕ್ಕ. ನಮ್ಮ ಮರ್ವ್, ಗುಡ್ಡದ ಕೆಳಗಿನ ಹೊಲದವನು, ಟಗರು ಕೊಳ್ಳೋಕೆ ಬಂದಿದ್ದ. ನೀನು ಬಿದ್ದ ಸುದ್ದಿ ಹೇಳ್ದ, ಆಮೇಲೆ ತಾನಾಗೇ ಅಂದ, 'ನಿಮ್ಮಣ್ಣ ಆ ವರ್ಷ ಮಷೀನು ತರೋದು ತಡ ಮಾಡ್ಬಿಟ್ಟ ನೊರೀನ್. ನಾವೇ ಬಂದು ಕೊಯ್ತಿದ್ವಿ, ವರ್ನನ್ ಬೇಡ ಅಂದ.' ಅಣ್ಣ! ನಮ್ಮಮ್ಮನಿಗೆ ನಾನೊಬ್ಳೇ ಕಣಯ್ಯಾ! ಟಾಸ್ಮೇನಿಯಾದಿಂದ ಮದ್ವೆಯಾಗಿ ಬಂದವಳ ತೌರುಮನೇಲಿ ಯಾರಿದ್ದಾರೆ ಯಾರಿಲ್ಲ, ಇಲ್ಲಿ ಯಾರಿಗೆ ಗೊತ್ತು? ನೀನು ನನಗೊಬ್ಬ ಅಣ್ಣನ್ನ ಹುಟ್ಟಿಸ್ದೆ! ಮರ್ವ್‌ಗೆ ಏನೂ ಹೇಳ್ಲಿಲ್ಲ, ನುಂಗ್ಕೊಂಡೆ. ಎದುರಿಗಿದ್ದ ಬಿಯರ್ ಹಾಗೇ ಬಿಟ್ಟು ಎದ್ದು ಬಂದೆ.

ಅದಕ್ಕೇ ಬಂದೆ. ನಿನ್ನ ಗೋಧಿ ಹಾಳಾಗೋದನ್ನ ಕಣ್ಣಾರೆ ನೋಡಿ, ನಿನ್ನ ಮುಖಕ್ಕೇ ಹೇಳಿ ಹೋಗೋಣ ಅಂತ. ಹೊಟ್ಟೆ ಉರೀತಿದ್ಯಾ? ಉರೀಲಿ! ಒಂದು ತೆನೆ ಉಳಿಯಲ್ಲ ನಿನಗೆ, ಒಂದೇ ಒಂದು…

ಯಾಕೆ ಸುಮ್ನಿದ್ದೀಯ? ದವಡೆ ಬಿಡು, ಕಣ್ಣಾದ್ರೂ ಕೆಂಪಾಗ್ಬೇಕಿತ್ತು. ಮುಷ್ಟಿನಾದ್ರೂ ಬಿಗೀಬೇಕಿತ್ತು. ಬೆಳೆ ಎಲ್ಲ ಮಣ್ಣುಪಾಲು ಅಂತಿದ್ದೀನಿ, ನೀನು ಆರಾಮಾಗಿ… ಏನು ನೋಡ್ತಿದ್ದೀಯ? ನನ್ನ ಕೈನಾ? ತುರಿಕೆ ಅಷ್ಟೇ. ಬಿಸಿಲಿಗೆ ಗುಳ್ಳೆ ಎದ್ದಿದೆ. ಕೂದಲಲ್ಲಾ? ಎಲ್ಲಿ?… ಗೋಧಿ ಹೊಟ್ಟು.

ಹಾಳಾದವನೇ. ಗೊತ್ತಾಗೋಯ್ತಲ್ಲ ನಿನಗೆ.

ಸರಿ, ಕೊಯ್ದೆ! ನಾನೇ ನಿಂತು ಕೊಯ್ಸಿದೆ, ನಾನೂ ಕೊಯ್ದೆ. ಅಣ್ಣನ ಕತೆ ಹೇಳ್ಬೇಕು ಅಂತ್ಲೇ ಫೋನ್ ಹಿಡ್ಕೊಂಡೆ, ನಾಲಿಗೆ ಹೊರಳ್ಲಿಲ್ಲ. ಮಾಗಿದ ಗೋಧಿ ಏನು ತಪ್ಪು ಮಾಡಿತ್ತು? 'ನಾಳೆ ವರ್ನನ್ ಹೊಲಕ್ಕೆ ಬನ್ನಿ' ಅಂದೆ. ಬಂದ್ರು. ಎಲ್ಲರೂ ಬಂದ್ರು. ಅಷ್ಟೂ ಮಷೀನು ಗೇಟಲ್ಲಿ ಸಾಲಾಗಿ ನಿಂತಾಗ ನನಗೆ ಅಳು ಬಂತು ಕಣೋ, ನಿನ್ನ ಮೇಲಿನ ಪ್ರೀತಿಗಲ್ಲ.

ಏಯ್, ಆಗ್ಲೇ ನಿಟ್ಟುಸಿರು ಬಿಡ್ಬೇಡ! ಕಣ್ಣು ಮುಚ್ಬೇಡ! ದಯೆ ತೋರಿಸ್ದೆ ಅಂದ್ಕೊಂಡ್ಯಾ?

ಮಧ್ಯಾಹ್ನ ನೆರಳಲ್ಲಿ ಎಲ್ಲ ಊಟಕ್ಕೆ ಕೂತಿದ್ರು. ನಿನ್ನ ಹೊಲದಲ್ಲೇ. ಆಗ ಹೇಳ್ದೆ. ನನಗೆ ಅಣ್ಣ ಇಲ್ಲ ಅಂದೆ. ಯಾವತ್ತೂ ಇರ್ಲಿಲ್ಲ ಅಂದೆ. ಮರ್ವ್ ಕೈಲಿದ್ದ ಸ್ಯಾಂಡ್‌ವಿಚ್ ಕೆಳಗಿಟ್ಟ, ಟೋಪಿ ಹಾಕ್ಕೊಂಡು ಎದ್ದ. ಎಲ್ಲರೂ ಎದ್ರು. ಮನೆಗೇ ಹೋಗ್ತಾರೆ ಅಂದ್ಕೊಂಡೆ. ಇಲ್ಲ, ಮಷೀನು ಹತ್ತಿದ್ರು. ಉಳಿದಿದ್ದನ್ನೂ ಕೊಯ್ದ್ರು. ಕೆರೆ ಪಕ್ಕದ ಹೊಲ ಬಂತು ನೋಡು… ಮರ್ವ್ ಮುಂದಿದ್ದ. ಮಷೀನಿನ ಕೊಯ್ಯೋ ಹಲ್ಲುಸಾಲು ಮೇಲೆತ್ತಿ, ಸುತ್ತು ಹಾಕಿ, ಗೇಟಿಂದ ಆಚೆ ಹೊರಟೋದ. ಅವನ ಹಿಂದೆ ಇನ್ನೊಬ್ಬ. ಅವನ ಹಿಂದೆ ಮತ್ತೊಬ್ಬ. ನಾನು ಹೇಳ್ಲಿಲ್ಲ, ದೇವರಾಣೆ ಹೇಳ್ಲಿಲ್ಲ. ಒಬ್ಬನೂ ಮುಟ್ಲಿಲ್ಲ.

ಸುತ್ತ ಬರೀ ಕೂಳೆ, ನಡುವೆ ಅದೊಂದೇ ನಿಂತಿದೆ, ಊರ ರಸ್ತೆಗೆ ಮುಖ ಮಾಡಿ. ಹೋಗೋ ಬರೋ ಯಾರೂ ಯಾಕೆ ಅಂತ ಕೇಳಲ್ಲ. ಎಲ್ಲರಿಗೂ ಗೊತ್ತು.

ಲಿಂಡ್ಸೆ ಮಣ್ಣಲ್ಲಿ ಬೆಳೆದ ಗೋಧಿ ಕಣಯ್ಯಾ ಅದು. ಎಂಥಾ ತೆನೆ! ನನ್ನ ಕೈ ತಡೀಲಿಲ್ಲ. ಎಲ್ಲ ಹೋದ್ಮೇಲೆ ಮಷೀನು ಹತ್ತಿ ಒಬ್ಳೇ ಗೇಟ್ ತನಕ ಹೋದೆ. ಹೋಗಿ… ಇಂಜಿನ್ ಆರಿಸಿ ಇಳಿದು ಬಂದೆ.

ಓಹೋ, ಈಗ ಬಂತು ಕಣ್ಣೀರು. ಒರೆಸ್ತೀನಿ ಅಂದ್ಕೋಬೇಡ. ಶ್! ತಗಡಿನ ಮೇಲೆ… ಕೇಳಿಸ್ತಾ? ಮೊದಲು ಹೀಗೇ, ಒಂದೊಂದೇ ಹನಿ. ಆವತ್ತು ನಾನು ಅಡುಗೆಮನೇಲಿ ಒಬ್ಳೇ ನಿಂತ್ಕೊಂಡು ಕೇಳಿದ್ದೆ ವರ್ನನ್. ನಿನಗೆ ಜೊತೆಗೆ ನಾನಾದ್ರೂ ಇದ್ದೀನಿ. ಮಳೆ ನಿಲ್ಲೋ ತನಕ ಕೂತಿರ್ತೀನಿ.