ತಾಯಿ ತಡವಾಗಿ ಕರೆತಂದರು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮಕ್ಕಳ ವಿಭಾಗದ ನಮ್ಮ ದೊಡ್ಡ ಡಾಕ್ಟರೇ, ಮೂವತ್ತೊಂದು ವರ್ಷ ನನ್ನ ಬೈಗುಳ ತಿಂದೂ ಇವತ್ತು ಚಪ್ಪಾಳೆ ತಟ್ಟಿದ ಸಿಸ್ಟರುಗಳೇ, ಆಯಾಗಳೇ, ಸಭಿಕರೇ,

ನಿವೃತ್ತಿಯ ದಿನ ಮನುಷ್ಯರು ಇದ್ದಕ್ಕಿದ್ದಂತೆ ಒಳ್ಳೆಯವರಾಗಿಬಿಡುತ್ತಾರೆ. ನನಗೆ 'ಸಿಡುಕಿ ಸಿಸ್ಟರ್' ಎಂದು ಅಡ್ಡಹೆಸರಿಟ್ಟವರೇ ಈಗ 'ತಾಯಿಯಂಥವರು' ಎಂದು ಹೊಗಳಿದರು. ಇರಲಿ, ನಾಳೆಯಿಂದ ಬೈಯಲು ನಾನಿರುವುದಿಲ್ಲವಲ್ಲ.

ಜ್ವರದ ಮಗು ಬಂದಾಗಲೆಲ್ಲ ನಮ್ಮ ವಾರ್ಡಿನಲ್ಲಿ ಒಂದು ಪ್ರಶ್ನೆ ಕೇಳುತ್ತೇವೆ: 'ಕಳೆದ ಆರು ವಾರಗಳಲ್ಲಿ ಮನೆಯಲ್ಲಿ ಯಾರಿಗಾದರೂ ಸೋಂಕು ತಗುಲಿತ್ತೇ?' ಅದನ್ನು ಶುರುಮಾಡಿದ್ದು ನಾನು, ಅದು ನನ್ನ ದೂರದೃಷ್ಟಿ ಎಂದರು ಅಧ್ಯಕ್ಷರು. ದೂರದೃಷ್ಟಿಯೇ? ಕ್ಷಮಿಸಿ. ಆ ಪ್ರಶ್ನೆ ಎಲ್ಲಿಂದ ಬಂತೆಂದು ಹೇಳದೆ ಇಲ್ಲಿಂದ ಇಳಿಯಲಾರೆ.

ನನಗೊಬ್ಬಳು ತಂಗಿ. ಹೊಲಿಗೆ ಕೆಲಸ ಮಾಡುತ್ತಾಳೆ. ಅವಳ ದೊಡ್ಡ ಮಗಳಿಗೆ ಆಗ ಒಂಬತ್ತು ವರ್ಷ. ಬಾಯಿಗೆ ಬಿಡುವಿಲ್ಲದೆ ಮಾತಾಡುತ್ತಿದ್ದಳೆಂದು ಎಲ್ಲರೂ 'ಗಿಣಿ' ಎನ್ನುತ್ತಿದ್ದೆವು. ನಾಲ್ಕು ವರ್ಷಗಳ ಹಿಂದೆ ಅವರ ಮನೆಮಂದಿಗೆಲ್ಲ ವೈರಸ್ ಜ್ವರ ಬಂದು ಹೋಯಿತು. ಗಿಣಿಗೆ ಎರಡು ದಿನ ನೆಗಡಿ, ಅಷ್ಟೇ. ತಿಂಗಳಾದ ಮೇಲೆ ಅವಳಿಗೆ ಜ್ವರ ಏರಿತು. ತಂಗಿ ವಾರ್ಡಿಗೇ ಫೋನ್ ಮಾಡಿದಳು.

"ಅಕ್ಕಾ, ಹೊಟ್ಟೆನೋವು ಅಂತಾಳೆ, ವಾಂತಿ ಬೇರೆ. ಕರ್ಕೊಂಡು ಬರ್ಲಾ?"

"ಹೊರಗೆ ಏನೋ ತಿಂದಿರ್ತಾಳೆ ಬಿಡು. ಸಿರಪ್ ಕೊಡು, ನೀರು ಕುಡಿಸು. ಇಲ್ಲಿ ಹಾಸಿಗೆ ಖಾಲಿ ಇಲ್ಲ."

ಮರುದಿನ ಮತ್ತೆ. "ಕಣ್ಣು ಕೆಂಪಗಾಗಿದೆ ಅಕ್ಕಾ. ತುಟಿಯಂತೂ ಬಣ್ಣ ಹಚ್ಚಿದ ಹಾಗಿದೆ."

"ನಿನ್ನ ಲಿಪ್‌ಸ್ಟಿಕ್ ಹಚ್ಕೊಂಡಿರ್ಬೇಕು ನೋಡು" ಎಂದು ನಕ್ಕೆ. ಹೌದು ಸಭಿಕರೇ, ನಕ್ಕೆ.

ಮೂರನೇ ದಿನ ತಂಗಿ ನನ್ನನ್ನು ಕೇಳಲಿಲ್ಲ. ಮಧ್ಯಾಹ್ನ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದಳು. ಗಿಣಿ ಮಾತಾಡುತ್ತಿರಲಿಲ್ಲ. ಕೈಕಾಲು ತಣ್ಣಗಿದ್ದವು, ನಾಡಿ ಸರಿಯಾಗಿ ಸಿಗುತ್ತಿರಲಿಲ್ಲ. ಹೃದಯದ ಸ್ಕ್ಯಾನ್ ನೋಡಿ, ಇಲ್ಲೇ ಕುಳಿತಿರುವ ನಮ್ಮ ದೊಡ್ಡ ಡಾಕ್ಟರೇ ವಿವರಿಸಿದರು. ವೈರಸ್ ಎಂದೋ ಹೋಗಿದೆ. ಅದರ ವಿರುದ್ಧ ಎದ್ದ ರೋಗನಿರೋಧಕ ಶಕ್ತಿ ಈಗ ಮಗುವಿನ ಮೈಮೇಲೆಯೇ ತಿರುಗಿಬಿದ್ದಿದೆ. ಕರುಳು, ರಕ್ತನಾಳ, ಹೃದಯ ಎಲ್ಲಕ್ಕೂ ಉರಿಯೂತ. ಅಪರೂಪದ ಕಾಯಿಲೆ. ಬೇಗ ಬಂದರೆ ಬಹುಪಾಲು ಮಕ್ಕಳು ಉಳಿಯುತ್ತಾರೆ.

"ಇಷ್ಟು ದಿನ ಏನ್ ಮಾಡ್ತಿದ್ರಿ? ಯಾರನ್ನಾದ್ರೂ ಕೇಳಿದ್ರಾ?" ಎಂದು ತಂಗಿಯನ್ನು ಗದರಿದರು.

ಕೇಸ್ ಶೀಟ್ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ತಂಗಿ ನನ್ನ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು.

"ಯಾರನ್ನೂ ಕೇಳ್ಲಿಲ್ಲ ಡಾಕ್ಟ್ರೇ. ನನಗೇ ಗೊತ್ತಾಗ್ಲಿಲ್ಲ."

ನಾನೇನು ಮಾಡಿದೆ? ಬಾಯಿ ಬಿಟ್ಟೆನೇ? ಇಲ್ಲ. ಬರೆದೆ. 'ತಾಯಿ ತಡವಾಗಿ ಕರೆತಂದರು.' ನನ್ನದೇ ಕೈಬರಹ, ನನ್ನದೇ ಸಹಿ.

ಡಾಕ್ಟರೇ, ಹಾಗೆ ನೋಡಬೇಡಿ. ಇದನ್ನು ನಿಮ್ಮ ಕೋಣೆಯಲ್ಲಿ ಹೇಳಬೇಕಿತ್ತು. ನಾಲ್ಕು ವರ್ಷದಿಂದ ಬಾಗಿಲವರೆಗೆ ಬಂದು ಬಂದು ವಾಪಸಾಗಿದ್ದೇನೆ. ಇವತ್ತೂ ಅಷ್ಟೇ, ಕೇಸ್ ಶೀಟಿನ ಆ ಸಾಲಿನ ತನಕ ಬರುವ ಯೋಚನೆ ಇರಲಿಲ್ಲ. ಬಾಯಿತಪ್ಪಿ ಬಂತು.

ಔಷಧ ಏರಿಸಿದರು, ಉಸಿರಾಟದ ಯಂತ್ರ ಹಾಕಿದರು. ಐದನೇ ದಿನ ಬೆಳಿಗ್ಗೆ, ನನ್ನ ಡ್ಯೂಟಿಯಲ್ಲೇ, ಗಿಣಿ ಹೋದಳು. ಅವಳ ಕೈಯಿಂದ ಸೂಜಿ ತೆಗೆದವಳು ನಾನೇ. ತಂಗಿ ಗೋಡೆಯ ಕಡೆ ತಿರುಗಿ ಅತ್ತಳು. ನನ್ನ ಹೆಗಲಿಗೆ ಬರಲಿಲ್ಲ. ನನ್ನನ್ನು ಯಾರೆದುರೂ ಬಿಟ್ಟುಕೊಡಲಿಲ್ಲ, ಹತ್ತಿರಕ್ಕೂ ಸೇರಿಸಲಿಲ್ಲ.

ಮುಂದಿನ ವಾರ ಆ ಪ್ರಶ್ನೆಯನ್ನು ಬರೆದು ವಾರ್ಡಿನ ಗೋಡೆಗೆ ಅಂಟಿಸಿದೆ. ಅದರಿಂದ ಹನ್ನೊಂದು ಮಕ್ಕಳು ಉಳಿದರಂತೆ. ಆ ತಾಯಂದಿರೆಲ್ಲ ನನ್ನ ಕೈ ಹಿಡಿದು ಅತ್ತಿದ್ದಾರೆ. ಪ್ರತಿ ಸಲವೂ ಕೈ ಬಿಡಿಸಿಕೊಂಡು ಓಡಬೇಕೆನಿಸಿದೆ.

ಹೋದ ತಿಂಗಳು, ಇಷ್ಟು ವರ್ಷಗಳಲ್ಲಿ ಮೊದಲ ಸಲ, ತಂಗಿಯ ಫೋನ್ ಬಂತು. ಚಿಕ್ಕ ಮಗಳಿಗೆ ಜ್ವರ ಎಂದಳು. ನಾನು ಅಭ್ಯಾಸಬಲದಿಂದ "ಎಷ್ಟು ದಿನ ಆಯ್ತು, ಊಟ ಮಾಡ್ತಾಳಾ" ಎಂದು ಶುರುಮಾಡಿದೆ. ಅವಳು ತಡೆದಳು.

"ಕೇಳೋಕೆ ಫೋನ್ ಮಾಡ್ಲಿಲ್ಲ ಅಕ್ಕಾ. ಆಸ್ಪತ್ರೆಗೆ ಹೊರಟಿದ್ದೀನಿ. ಹೇಳೋಣ ಅಂತ ಮಾಡ್ದೆ, ಅಷ್ಟೇ."

ಇಟ್ಟುಬಿಟ್ಟಳು. ಮಾಮೂಲಿ ಜ್ವರವಂತೆ, ಮಗು ಚೆನ್ನಾಗಿದೆಯಂತೆ. ಹಾಗೆಂದು ಬೇರೆಯವರಿಂದ ತಿಳಿಯಿತು. ಕರೆದುಕೊಂಡು ಹೋಗಿದ್ದು ನಮ್ಮ ಆಸ್ಪತ್ರೆಗಲ್ಲ. ಸರಿಯಾಗೇ ಮಾಡಿದಳು.

ಇಷ್ಟು ಹೊತ್ತು ಸುಮ್ಮನೆ ಕುಳಿತು ಕೇಳಿದಿರಿ, ನಿಮಗೆ ನನ್ನ ವಂದನೆ. ಚಪ್ಪಾಳೆ ಮಾತ್ರ ದಯವಿಟ್ಟು ಬೇಡ. ನಮಸ್ಕಾರ.